ಲೈನು ಕಡಿಯದ ಹಾಗೆ

"ದಯವಿಟ್ಟು ಒಂದು ಕಡೆ ಕೂತು ಕೆಲಸ ಮಾಡ್ತೀರಾ? ಗಳಿಗೆಗೊಂದು ನೆಟ್‌ವರ್ಕ್ ಹಿಡಿದ್ರೆ ವಿಪಿಎನ್ ಕಡಿದು ಹೋಗದೆ ಇನ್ನೇನಾಗುತ್ತೆ?"

ಅವಳು ರೇಗಿದಳು. ಕಂಪನಿಯ ಹೆಲ್ಪ್‌ಡೆಸ್ಕಿಗೆ ಬೆಳಗಿನಿಂದ ಇವನದೇ ಫೋನು. ವಿಪಿಎನ್ ಮೂಲಕ ಆಫೀಸಿನ ಕಂಪ್ಯೂಟರಿಗೆ ಸೇರಿಕೊಂಡು ಮನೆಯಿಂದಲೇ ಸೇತುವೆಗಳ ನಕ್ಷೆ ಬಿಡಿಸುವವನು ಎಂದಷ್ಟೇ ಅವಳಿಗೆ ಗೊತ್ತಿತ್ತು.

"ಕೂತ್ಕೊಂಡೇ ಇದ್ದೀನಿ ಮೇಡಂ. ಗಾಲಿಕುರ್ಚಿ ತಳ್ಳೋರು ಬೇರೆಯವರು. ವಾರ್ಡಿಂದ ಸ್ಕ್ಯಾನಿಂಗಿಗೆ, ಅಲ್ಲಿಂದ ಕೀಮೋಗೆ."

ಅವಳು ಅಂದೇ ಅವನಿಗೆ ಹೊಸ ವಿಪಿಎನ್ ಹಾಕಿಕೊಟ್ಟಳು.

"ಹಳೇದಕ್ಕೂ ಇದಕ್ಕೂ ಏನು ವ್ಯತ್ಯಾಸ?"

"ಹಳೇದು ನಮ್ಮ ದೊಡ್ಡತ್ತೆ ಥರ. ಪಕ್ಕದ ಕೋಣೆಗೆ ಹೋಗಿ ಬಂದ್ರೂ ಯಾರು, ಎಲ್ಲಿಂದ ಬಂದೆ ಅಂತ ಮೊದಲಿಂದ ವಿಚಾರಣೆ. ಹೊಸದು ಹಗುರ. ವೈಫೈ ಹೋಗಿ ಮೊಬೈಲ್ ಡೇಟಾ ಬಂದ್ರೂ ಲೈನ್ ಕಡಿಯಲ್ಲ, ಬ್ಯಾಟರಿನೂ ಅಷ್ಟು ತಿನ್ನಲ್ಲ."

"ಹಾಗಾದ್ರೆ ಹಳೇದನ್ನ ಕಿತ್ತು ಹಾಕಿ."

"ಬೇಡ. ಆಸ್ಪತ್ರೆ ವೈಫೈ ಹೊಸದನ್ನ ತಡೆದ್ರೆ ಹಳೇದೇ ಗತಿ. ನಿಧಾನ, ಆದ್ರೆ ಮಾಮೂಲಿ ವೆಬ್‌ಸೈಟ್‌ಗಳ ದಾರೀಲೇ ನುಸುಳುತ್ತೆ."

"ಅಂತೂ ದೊಡ್ಡತ್ತೆನ ಬಿಟ್ಟುಕೊಡಲ್ಲ ನೀವು."

ಅವನು ನಕ್ಕ. ಆ ನಗು ಅವಳ ಕಿವಿಯಲ್ಲೇ ಉಳಿಯಿತು.

ಆಮೇಲೆ ತೊಂದರೆ ಇಲ್ಲದಿದ್ದರೂ ಫೋನು ಬರತೊಡಗಿತು. "ಲೈನ್ ಚೆನ್ನಾಗಿದೆ ಅಂತ ಹೇಳೋಣ ಅಂತ" ಎನ್ನುತ್ತಿದ್ದ. ವಿಡಿಯೊದಲ್ಲಿ ಕೂದಲುದುರಿದ ತಲೆಗೆ ಟೋಪಿ ಎಳೆದುಕೊಳ್ಳುತ್ತಿದ್ದ. ಒಂದು ದಿನ ಅವಳು ಗದರಿಸಿ ತೆಗೆಸಿದಳು. ಕಣ್ತುಂಬ ನೋಡಿದಳು. ಅವನು ಕಿವಿಯವರೆಗೂ ಕೆಂಪಾದ.

ಮತ್ತೆ ಕೆಲವು ವಾರಕ್ಕೆ ಅವನ ಲಾಗಿನ್ ನಿಂತುಹೋಯಿತು. ಹೊಸದರಲ್ಲೂ ಇಲ್ಲ, ಹಳೆಯದರಲ್ಲೂ ಇಲ್ಲ. ಅವಳು ಫೋನು ಮಾಡುತ್ತಲೇ ಇದ್ದಳು. ಕೊನೆಗೆ ಎತ್ತಿದವಳು ಅವನ ಅಕ್ಕ.

"ಡಾಕ್ಟರು ಕೈಚೆಲ್ಲಿದ್ರಮ್ಮ. ಮನೆಗೆ ಕರ್ಕೊಂಡು ಬಂದ್ವಿ. ಯಾರ ಹತ್ರಾನೂ ಮಾತು ಬೇಡ ಅಂತಾನೆ."

ಅವಳು ಅಕ್ಕನಿಂದ ವಿಳಾಸ ಕೇಳಿಕೊಂಡು, ರಜೆ ಹಾಕಿ ರೈಲು ಹತ್ತಿದಳು. ಮನೆ ತಲುಪಿದಾಗ ಅವನು ದಿಂಬಿಗೆ ಒರಗಿದ್ದ. ಪರದೆಯಲ್ಲಿ ಕಂಡಿದ್ದವನ ಅರ್ಧವೂ ಇರಲಿಲ್ಲ.

"ಯಾಕೆ ಬಂದ್ರಿ? ನನಗೆ ಉಳಿದಿರೋದು ಒಂದೆರಡು ತಿಂಗಳು."

"ಎಷ್ಟು ಅಂತ ಕೇಳೋಕೆ ಬಂದಿಲ್ಲ. ನನಗೆ ನೀವಂದ್ರೆ ಇಷ್ಟ. ನಿಮಗೆ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಅದಕ್ಕೇ ಫೋನ್ ಎತ್ಲಿಲ್ಲ."

ಅವಳು ಅವನ ಕೈ ಹಿಡಿದಳು. ಬರೀ ಮೂಳೆ, ಆದರೂ ಬೆಚ್ಚಗಿತ್ತು. ಇಬ್ಬರೂ ಬಹಳ ಹೊತ್ತು ಅತ್ತರು.

ಆಮೇಲೆ ಅವಳು ಕಣ್ಣೊರೆಸಿಕೊಂಡು ಎದ್ದು, ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕನತ್ತ ತಿರುಗಿದಳು.

"ಅಕ್ಕ, ನನ್ನ ಬಟ್ಟೆ ಎಲ್ಲಿ ಇಡ್ಲಿ?"