ಮೂರನೇ ಬೋನಿನಲ್ಲಿದ್ದವನು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆಗಿದ್ದ ನವಿಲುಗುಂದಿ ರಾಜ್ಯದಲ್ಲಿ ಹೊನ್ನಾಜಿ ಎಂಬ ಹೆಂಗಸಿದ್ದಳು. ಅರಮನೆಯ ಕಣಜ ಕಾಯುವುದು ಅವಳ ಕೆಲಸ. ಮೂವತ್ತು ವರ್ಷ ಇಲಿಗಳ ಜೊತೆ ಗುದ್ದಾಡಿದ್ದ ಅವಳಿಗೆ ಒಂದೊಂದರ ಚಹರೆಯೂ ಗೊತ್ತಿತ್ತು.

ಒಂದು ಬೆಳಿಗ್ಗೆ ಅವಳು ಕಣಜದಿಂದ ಹೊರಬಂದು ನೋಡಿದರೆ ಅರಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ! ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ರಾಜಸಭೆಗೆ ಓಡಿದಳು. ಸಿಂಹಾಸನದ ಮೇಲೆ ಮಾಂತ್ರಿಕ ಧೂಮಾಕ್ಷ ಕೂತಿದ್ದ. ಎದುರಿಗೆ ಮೂರು ಬೋನು.

"ಎಲ್ಲರನ್ನೂ ಇಲಿ ಮಾಡಿದ್ದೇನೆ ಕಣೇ ಮುದುಕಿ," ಎಂದ. "ಮೊದಲನೆಯದರಲ್ಲಿ ರಾಜಕುಮಾರ ಚಿಟ್ಟಿಲಿಯಾಗಿದ್ದಾನೆ. ಎರಡನೆಯದರಲ್ಲಿ ರಾಣಿ, ಮನೆಯ ಮಾಡಿನ ಮೇಲೆ ಓಡಾಡುವ ಇಲಿಯಾಗಿದ್ದಾಳೆ. ಮೂರನೆಯದರಲ್ಲಿ ರಾಜ. ಗುರುತಿಸಿ ಮುಟ್ಟಿದರೆ ಮನುಷ್ಯರಾಗುತ್ತಾರೆ. ಒಮ್ಮೆ ತಪ್ಪಿದರೂ ನೀನೂ ಬೋನಿಗೆ!"

ಮೊದಲ ಬೋನಿನಲ್ಲಿ ಹೆಬ್ಬೆರಳಿನಷ್ಟೇ ಗಾತ್ರದವು ಹತ್ತು. ಹೊನ್ನಾಜಿ ಬಗ್ಗಿ ನೋಡಿದಳು. ಒಂಬತ್ತಕ್ಕೆ ದಪ್ಪ ತಲೆ, ಮೈಗೆ ಮೀರಿದ ಪಾದ. ದೊಡ್ಡ ಇಲಿಯ ಮರಿಗಳು ಅವು! ಒಂದಕ್ಕೆ ಮಾತ್ರ ಪುಟ್ಟ ತಲೆ, ಅಗಲ ಕಿವಿ. ಅದನ್ನು ಮುಟ್ಟಿದಳು. ರಾಜಕುಮಾರ ಅಳುತ್ತ ಅವಳ ಸೊಂಟ ತಬ್ಬಿದ.

ಎರಡನೆಯದರಲ್ಲಿ ಗುಜುಗುಜು ಹೆಗ್ಗಣಗಳು. ಮೊಂಡು ಮೂತಿ, ಗಿಡ್ಡ ಬಾಲ, ಒರಟು ಕೂದಲು. ನಡುವೆ ಒಂದರ ಬಾಲ ಮೈಗಿಂತ ಉದ್ದ, ಮಾಡು ಹತ್ತುವ ಇಲಿಯ ಬಾಲ. ಮುಟ್ಟಿದ್ದೇ ರಾಣಿ ಎದ್ದು ನಿಂತಳು.

ಮೂರನೆಯದರಲ್ಲಿ ಎಲ್ಲವೂ ಬೂದುಬಣ್ಣ. ಹೊನ್ನಾಜಿ ಒಂದು ಹಿಡಿ ಭತ್ತ ಚೆಲ್ಲಿದಳು. ಎಲ್ಲವೂ ಮುಗಿಬಿದ್ದವು. ಚೂಪು ಮೂತಿಯದೊಂದು ಮಾತ್ರ ಭತ್ತ ಮೂಸಲೂ ಇಲ್ಲ, ಗಬ್ಬು ನಾರುತ್ತ ಮೂಲೆಯ ಜಿರಲೆಯನ್ನು ಕಚಕ್ಕನೆ ಕಚ್ಚಿತು.

ಅವಳು ದಂಗಾದಳು. "ಇದು ಮೂಗಿಲಿ! ಹೆಸರಿಗಷ್ಟೇ ಇಲಿ, ಇಲಿಯ ಜಾತಿಯೇ ಅಲ್ಲ. ಎಲ್ಲರನ್ನೂ ಇಲಿ ಮಾಡಿದೆ ಅಂದೆಯಲ್ಲ, ಹಾಗಾದರೆ ಇದು ಯಾರು?"

ಸಿಂಹಾಸನದಲ್ಲಿದ್ದವನ ಬಾಯಿ ಥಟ್ಟನೆ ಮುಚ್ಚಿತು. ಕಣ್ಣಿಂದ ಮಾತ್ರ ನೀರು ಧಾರೆಯಾಗಿ ಇಳಿಯಿತು. ಹೊನ್ನಾಜಿ ಅವನನ್ನೇ ದಿಟ್ಟಿಸಿದಳು. ಮಾಂತ್ರಿಕನಿಗೆ ಇಂಥ ಕಣ್ಣೀರೇ?

ಮೂಗಿಲಿ ಕಿರ್ರೆಂದು ಕಿರುಚಿ ಓಡಿತು. ಅವಳು ಗಬಕ್ಕನೆ ಅದನ್ನು ಹಿಡಿದಳು.

ಕೈ ತಾಕಿದ್ದೇ ಅದಕ್ಕೆ ಧೂಮಾಕ್ಷನ ಮುಖ ಬಂತು! ವೇಷ ಕಳಚಿದೊಡನೆ ಅವನ ಮಾಯೆಯೂ ಮುರಿಯಿತು. ಮಾಂತ್ರಿಕ ಅವಳ ಬೆರಳ ಸಂದಿನಿಂದ ಬೂದಿಯಾಗಿ ಉದುರಿಹೋದ. ಅತ್ತ ಸಿಂಹಾಸನದಲ್ಲಿ ಕೂತವನ ಗಡ್ಡ, ಜಡೆ ಕರಗಿದವು. ಒಳಗಿದ್ದವನು ರಾಜ!

"ನನಗೆ ತನ್ನ ರೂಪ ಕೊಟ್ಟು ಕೂರಿಸಿದ್ದ, ತಾಯಿ," ಎಂದ ರಾಜ. "ಬೋನಿನಲ್ಲಿ ಅಡಗಿ ನನ್ನ ಬಾಯಲ್ಲಿ ಮಾತಾಡುತ್ತಿದ್ದ. ಮೂರನೇ ಬೋನಿನಲ್ಲಿ ರಾಜ ಸಿಗದೆ ನೀನು ಸಿಟ್ಟಿನಿಂದ ನನ್ನನ್ನೇ ಕೊಂದುಬಿಡಲೆಂದು ಕಾದಿದ್ದ."

ಹೊನ್ನಾಜಿ ನೆಲದ ಮೇಲೆ ಕೂತಳು. ಸೊಂಟದಲ್ಲಿದ್ದ ಕುಡುಗೋಲನ್ನು ದೂರ ಎಸೆದಳು. ರಾಜ ಇಳಿದು ಬಂದು ಅವಳ ಪಕ್ಕದಲ್ಲೇ ಕೂತ. ಬೋನುಗಳಿಂದ ಒಬ್ಬೊಬ್ಬರಾಗಿ ಮಂದಿ ಎದ್ದು, ಮೈ ಮುಟ್ಟಿ ನೋಡಿಕೊಂಡು, ಮೊದಲು ಅತ್ತರು, ಆಮೇಲೆ ನಕ್ಕರು.

ಅಂದಿನಿಂದ ನವಿಲುಗುಂದಿಯ ಜನ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ನೂರು ವರ್ಷ ನೆಮ್ಮದಿಯಾಗಿ ಬಾಳಿದರು.