ಯಾರ ಪಾಲಿಗೂ ಸೇರದ ನೀರು

ಎರಡು ಸಾವಿರದ ಐವತ್ತೆಂಟನೆಯ ಇಸವಿ, ಕಾರ್ತಿಕ ಮಾಸದ ಒಂದು ಸಂಜೆ. ಹಿರೇಸಂಗಾಪುರದ ಬೀದಿದೀಪಗಳು ಹೊತ್ತಿಕೊಂಡವು. ಬೀದಿಯಲ್ಲಿದ್ದವರೆಲ್ಲ ಒಮ್ಮೆಗೇ ಕೊಡೆ ಬಿಚ್ಚಿದರು. ಆಕಾಶದಲ್ಲಿ ಬೊಗಸೆಯಷ್ಟು ಮೋಡವೂ ಇರಲಿಲ್ಲ. ಎರಡು ವರ್ಷಗಳಿಂದ ಆ ಊರಿನವರು ಕೊಡೆ ಹಿಡಿಯುತ್ತಿದ್ದುದು ಬೆಳಕಿಗೆ.

ದೀಪದ ಗಾಜಿನಲ್ಲಿ, ರಸ್ತೆಯ ಡಾಂಬರಿನಲ್ಲಿ, ಚರಂಡಿಯ ಕಲ್ಲಿನಲ್ಲಿ ಎಳ್ಳುಕಾಳಿನ ಗಾತ್ರದ ಸಂವೇದಕಗಳಿದ್ದವು. ಸಂವೇದಕವೆಂದರೆ ಸುತ್ತಲಿನ ಬದಲಾವಣೆಯನ್ನು ಗ್ರಹಿಸಿ ಸುದ್ದಿ ಕಳಿಸುವ ಕಣ. ಪ್ರತಿಯೊಬ್ಬರ ಬೆರಳಿನಲ್ಲೂ ಅದಕ್ಕೆ ಉತ್ತರ ಕೊಡುವ ಉಂಗುರ. ಯಾರ ಮೇಲೆ ಎಷ್ಟು ಬೆಳಕು ಬಿತ್ತು, ಯಾರ ಕಾಲಡಿ ಎಷ್ಟು ರಸ್ತೆ ಸವೆಯಿತು ಎಂಬುದನ್ನು ಅಳೆದು, ಅಷ್ಟಕ್ಕೇ ತೆರಿಗೆ ಹಾಕುವ ಯಂತ್ರದ ಹೆಸರು ‘ಪಾಲಳೆ’. ಉಂಗುರದ ಮೇಲೆ ಕೊಡೆಯ ನೆರಳು ಬಿದ್ದರೆ ಬೆಳಕಿನ ಪಾಲು ಅರ್ಧಕ್ಕಿಳಿಯುತ್ತದೆಂಬುದನ್ನು ಜನ ಮೊದಲ ವಾರದಲ್ಲೇ ಕಂಡುಕೊಂಡಿದ್ದರು.

ಯಂತ್ರಭವನದ ಕಿಟಕಿಯಿಂದ ಆ ಕೊಡೆಗಳನ್ನು ನೋಡುತ್ತ ನಿಂತಿದ್ದ ಡಾ. ಶಾಂಭವಿ ಕುಲಗೋಡ ಎಂಬವಳೇ ಪಾಲಳೆಯನ್ನು ಕಟ್ಟಿದವಳು. ಅವಳ ತಂದೆ ಶಾಲಾ ಮಾಸ್ತರರು. ಮೂವತ್ತೊಂದು ವರ್ಷ ಒಂದು ದಿನವೂ ತಡಮಾಡದೆ ಅವರು ತೆರಿಗೆ ಕಟ್ಟಿದರೂ ಅವರ ಓಣಿಗೆ ಒಂದು ದೀಪವೂ ಬರಲಿಲ್ಲ. ಪುರಸಭೆಯ ಅಧ್ಯಕ್ಷ ಈರಪ್ಪಣ್ಣ ಬಳಿಗಾರರ ತೋಟದ ದಾರಿಗೆ ಹನ್ನೊಂದು ದೀಪ ಬಂದವು. ಅಲ್ಲಿ ಓಡಾಡುತ್ತಿದ್ದುದು ಎರಡು ಎಮ್ಮೆ. ಕತ್ತಲ ಓಣಿಯಲ್ಲಿ ಎಡವಿಬಿದ್ದು ಸೊಂಟ ಮುರಿದುಕೊಂಡ ತಂದೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವಳು ಪಣ ತೊಟ್ಟಿದ್ದಳು: ಒಬ್ಬನ ಬೆವರು ಇನ್ನೊಬ್ಬನ ತೋಟಕ್ಕೆ ಹರಿಯಬಾರದು.

ಪಣ ಫಲಿಸಿತ್ತು. ಕಳ್ಳ ಬಿಲ್ಲುಗಳು ನಿಂತಿದ್ದವು. ಬರುವ ಸೋಮವಾರ ರಾಜಧಾನಿಯ ಅಧಿಕಾರಿಗಳು ಬಂದು ಶಾಂಭವಿಯ ಸಹಿ ಪಡೆದರೆ ಇಡೀ ರಾಜ್ಯ ಪಾಲಳೆಯ ಅಡಿಗೆ ಬರುತ್ತಿತ್ತು.

“ಅಕ್ಕಾರ, ಒಳಗ ಬರ್ಲೇನ್ರಿ?”

ಬಾಗಿಲಲ್ಲಿ ದುರ್ಗವ್ವ ನಿಂತಿದ್ದಳು. ಮನೆಮನೆಗೆ ಹೋಗಿ ನೀರಿನ ತೊಟ್ಟಿ, ಹೂಕುಂಡ, ಒಡೆದ ಮಡಕೆಗಳಲ್ಲಿ ಇಣುಕುವುದು, ಸೊಳ್ಳೆಮರಿ ಕಂಡರೆ ನೀರು ಚೆಲ್ಲಿಸುವುದು, ಗೋಡೆಯ ಮೇಲೆ ಸೀಮೆಸುಣ್ಣದಿಂದ ತಾರೀಖು ಬರೆಯುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ.

“ಸೋಮವಾರದಿಂದ ನನ್ನ ಕೆಲಸ ಬಂದ್ ಅಂತ್ರಿ. ನಿಮ್ಮ ಮಿಷಿನ್ ನನ್ನ ಹೆಸರಿನ ಮುಂದ ಸೊನ್ನಿ ಬರದೈತಂತ.”

“ಅದು ತಾನಾಗಿ ಏನೂ ಬರಿಯೂದಿಲ್ಲ ದುರ್ಗವ್ವ. ನೀ ಹೋದ ಮನಿಯವರಿಗೆ ಏನು ಸಿಕ್ತು ಅಂತ ಅಳೀತದ, ಅಷ್ಟ.”

“ಏನೂ ಸಿಗಬಾರದಂತನ ಹೋಗ್ತೀನಲ್ರಿ ನಾನು! ಜ್ವರ ಸಿಗಬಾರದು, ದವಾಖಾನಿ ಚೀಟಿ ಸಿಗಬಾರದು. ಈಗ ನನ್ನ ಕಂಡ್ರ ಕದ ಹಾಕ್ಕೋತಾರ. ‘ನಮ್ಮ ಪಾಲಿಗೆ ಹಚ್ಚಬ್ಯಾಡವಾ, ಮುಂದಿನ ಮನಿಗೆ ಹೋಗು’ ಅಂತಾರ. ಮುಂದಿನ ಮನಿಯವ್ರೂ ಅದನ್ನ ಅಂತಾರ.”

“ಬೇಕಾದವರು ಕೊಡ್ತಾರ. ಟೇಲರ್ ರಾಜೇಸಾಬ್ರು ತಪ್ಪದ ಕೊಡ್ತಾರಲ್ಲ?”

“ಇಡೀ ಓಣ್ಯಾಗ ಅವ್ರೊಬ್ರ ನೋಡ್ರಿ,” ಎಂದು ದುರ್ಗವ್ವ ಹೊರಟುಹೋದಳು.

ಮೂರನೆಯ ದಿನ ಆ ರಾಜೇಸಾಬನೇ ಯಂತ್ರಭವನಕ್ಕೆ ಬಂದ. ಭವನದ ಹಿಂದಿನ ಓಣಿಯಲ್ಲೇ ಅವನ ಮನೆ. ಹೆಂಡತಿ ಜೈನಬಿ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದ್ದಳು. ಅದೇ ಓಣಿಯ ಇನ್ನೂ ಎಂಟು ಮಂದಿ ಹಾಸಿಗೆ ಹಿಡಿದಿದ್ದರು. ಅವನು ಬೆರಳಿನ ಉಂಗುರ ಕಳಚಿ ಮೇಜಿನ ಮೇಲಿಟ್ಟ.

“ಅಕ್ಕಾರ, ಸೊಳ್ಳಿ ಪಾಲು ನಾ ಒಂದ್ ತಿಂಗಳೂ ತಪ್ಪಿಸಿಲ್ಲ. ನಿಮ್ಮ ಮಿಷಿನ್ನಿಗೆ ಗೊತ್ತೈತಿ. ಮತ್ತ ಈ ಸೊಳ್ಳಿಗೆ ಯಾಕ ತಿಳೀಲಿಲ್ಲ?”

ಕೊಡೆ ಹಿಡಿದವರ ಜಾಣತನಕ್ಕೆ ನಕ್ಕಿದ್ದ ಶಾಂಭವಿಗೆ ಈ ಪ್ರಶ್ನೆಗೆ ನಗುವುದಾಗಲಿಲ್ಲ. ಅವಳು ದುರ್ಗವ್ವನನ್ನು ಕರೆಸಿ, ಜೊತೆಯಲ್ಲಿ ತಾನೇ ಓಣಿಗಿಳಿದಳು.

“ಈ ಜಾತಿ ಸೊಳ್ಳಿ ಭಾಳ ದೂರ ಹಾರೂದಿಲ್ರಿ,” ಎಂದಳು ದುರ್ಗವ್ವ. “ಹುಟ್ಟಿದ ಓಣಿ ಬಿಟ್ಟು ಕದಲಂಗಿಲ್ಲ, ನಮ್ಮ ಅಧ್ಯಕ್ಷರು ಕುರ್ಚಿ ಬಿಡದಂಗ.”

ಮನೆಗಳನ್ನೆಲ್ಲ ಹುಡುಕಿದರು. ಕೆಲವು ಕಡೆ ನಾಲ್ಕಾರು ಮರಿಗಳು ಸಿಕ್ಕವು. ಒಂಬತ್ತು ಮಂದಿಯನ್ನು ಕೆಡವುವಷ್ಟು ಎಲ್ಲಿಯೂ ಇರಲಿಲ್ಲ. ಕೊನೆಗೆ ದುರ್ಗವ್ವ ಯಂತ್ರಭವನದ ಹಿತ್ತಲಿನ ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ಪಾಲಳೆಯ ಗಣಕಗಳ ಬಿಸಿ ಇಳಿಸುವ ತಂಪುತೊಟ್ಟಿಯಿತ್ತು. ಸೋರಿದ ತಿಳಿನೀರು ಅದರ ಕೆಳಗಿನ ಉದ್ದನೆಯ ತಟ್ಟೆಯಲ್ಲಿ ನಿಂತಿತ್ತು. ಶಾಂಭವಿ ಬಗ್ಗಿ ನೋಡಿದಳು. ನೀರು ಕುದಿಯುತ್ತಿರುವಂತೆ ಮರಿಗಳು ಮಿಸುಕುತ್ತಿದ್ದವು.

“ಇಲ್ಲಿ ನೀ ಯಾಕ ಬಂದಿಲ್ಲ?”

“ಯಾರ ಪಾಲಿಗೆ ಹಚ್ಚಲ್ರಿ? ಇಲ್ಲಿ ಯಾರೂ ವಾಸ ಇಲ್ಲ. ‘ಫಲಾನುಭವಿ ಯಾರೂ ಇಲ್ಲ, ಹೋಗಬೇಡ’ ಅಂತ ಉಂಗುರದಾಗ ಬಂತು. ಎರಡು ವರ್ಷಾತು.”

ಆ ಸಾಲನ್ನು ಯಂತ್ರಕ್ಕೆ ಕಲಿಸಿದವಳು ಶಾಂಭವಿಯೇ. ಅವಳು ಒಂದು ಬಾಟಲಿ ತರಿಸಿ, ಆ ನೀರನ್ನು ತುಂಬಿಕೊಂಡು, ತಟ್ಟೆಯನ್ನು ತನ್ನ ಕೈಯಿಂದಲೇ ಬಿಸಿಲಿಗೆ ಬೋರಲು ಹಾಕಿದಳು.

ಸೋಮವಾರ ಸಭಾಭವನದಲ್ಲಿ ಕರಾರುಪತ್ರದ ಪಕ್ಕಕ್ಕೆ ಅವಳು ಆ ಬಾಟಲಿಯನ್ನಿಟ್ಟಳು.

“ಏನ್ರಿ ಡಾಕ್ಟರ್ ಬಾಯಾರ, ತೀರ್ಥ ತಂದೀರೇನು?” ಎಂದರು ಈರಪ್ಪಣ್ಣ. ಸಭೆ ನಕ್ಕಿತು.

“ನಮ್ಮ ಯಂತ್ರದ್ದೇ ಪ್ರಸಾದರಿ,” ಎಂದು ಅವಳು ಪಾಲಳೆಗೆ ಆಜ್ಞೆ ಕೊಟ್ಟಳು: ಈ ನೀರನ್ನು ಚೆಲ್ಲುವ ಖರ್ಚು ಯಾರ ಪಾಲು? ಪರದೆಯ ಮೇಲೆ ಉತ್ತರ ಮೂಡಿತು: ‘ಫಲಾನುಭವಿ ಯಾರೂ ಇಲ್ಲ.’

“ಈ ನೀರಿನ ಫಲ ಉಂಡ ಒಂಬತ್ತು ಜನ ಮಲಗಿದ್ದಾರೆ,” ಎಂದಳು ಶಾಂಭವಿ, ರಾಜಧಾನಿಯವರ ಕಡೆ ತಿರುಗಿ. “ನನ್ನ ಯಂತ್ರ ಸಿಕ್ಕಿದ್ದನ್ನು ಅಳೆಯುತ್ತದೆ. ಆಗದೇ ಹೋದದ್ದನ್ನು ಅಳೆಯಲಾರದು. ಬಾರದ ಜ್ವರದಲ್ಲಿ, ಕುಸಿಯದ ಸೇತುವೆಯಲ್ಲಿ ಯಾರ ಪಾಲೆಷ್ಟು? ಅದನ್ನು ತುಂಡು ಮಾಡಿ ಹಂಚಲಾಗದು. ಎಲ್ಲರೂ ಕೂಡಿ ಕೊಂಡರೆ ಎಲ್ಲರಿಗೂ ಉಂಟು. ಒಬ್ಬೊಬ್ಬರೇ ಕೊಂಡರೆ, ಕೊಂಡವನಿಗೂ ಇಲ್ಲ.”

“ಜನಕ್ಕೆ ಬೇಕಾಗಿರೋದು ಅವರವರ ಹಣ ಅವರವರಿಗೇ ಬರೋದು, ಮೇಡಂ,” ಎಂದರು ಹಿರಿಯ ಅಧಿಕಾರಿ.

“ನನಗೂ ಅದೇ ಬೇಕಾಗಿತ್ತು. ತಪ್ಪಾಯಿತು.”

ಈರಪ್ಪಣ್ಣರ ಮುಖ ಅರಳಿತು. “ಹಂಗಾರ ಮಿಷಿನ್ ಪೂರ್ತಿ ಕಿತ್ತು ಒಗಿಯೂಣಲ್ರಿ?”

“ಅರ್ಧ ಕೀಳ್ತೀನ್ರಿ. ಯಾರು ಎಷ್ಟು ಉಂಡ್ರು ಅಂತ ಅಳಿಯೋ ಉಂಗುರ ಇವತ್ತ ತೆಗೀತೀನಿ. ಇನ್ನ ಮ್ಯಾಲೆ ಅವರವರ ಗಳಿಕಿಗೆ ತಕ್ಕಂಗ ತೆರಿಗಿ. ಊರಿನ ರೊಕ್ಕ ಎಲ್ಲಿ ಹೋತು ಅಂತ ತೋರಿಸೋ ಪರದಿ ಮಾತ್ರ ಬಸ್‌ಸ್ಟ್ಯಾಂಡಿನಾಗ ನಿಲ್ತದ. ನಿಮ್ಮ ತೋಟದ ಹನ್ನೊಂದು ದೀಪ ಅದರಾಗ ಮೊದಲ ಸಾಲಿನಾಗ ಬರ್ತಾವ.”

ಈರಪ್ಪಣ್ಣ ನೀರು ಕೇಳಿದರು. ಯಾರೋ ಗಡಿಬಿಡಿಯಲ್ಲಿ ಮೇಜಿನ ಮೇಲಿನ ಬಾಟಲಿಯನ್ನೇ ಅವರತ್ತ ಸರಿಸಿದರು. ಸಹಿಯಿಲ್ಲದ ಕರಾರುಪತ್ರ ಬಂದ ದಾರಿಯಲ್ಲೇ ಮರಳಿತು. ಅದರೊಡನೆ ಶಾಂಭವಿಯ ಹನ್ನೆರಡು ವರ್ಷದ ದುಡಿಮೆಯ ಕೀರ್ತಿಯೂ ಹೋಯಿತು. ಅವಳು ಆ ಕಡೆ ತಿರುಗಿ ನೋಡಲಿಲ್ಲ.

ಹದಿನೈದು ದಿನಗಳ ನಂತರ, ಜೈನಬಿ ಮನೆಗೆ ಮರಳಿದ್ದಾಗ, ದುರ್ಗವ್ವನೊಡನೆ ಶಾಂಭವಿಯೂ ಅಲ್ಲಿಗೆ ಹೋದಳು. ತಾರೀಖು ಬರೆಯಲು ದುರ್ಗವ್ವ ಗೋಡೆಯನ್ನು ಕೈಯಿಂದ ಒರೆಸಿದಾಗ ಹಳೆಯ ಸುಣ್ಣದ ಹೊಪ್ಪಳಿಕೆಯೊಂದು ಕಳಚಿಬಿತ್ತು. ಅದರಡಿಯಲ್ಲಿ ಕೆಂಪು ಬಣ್ಣದ ಮಾಸಿದ ಅಂಕಿಗಳಿದ್ದವು: ೧೪-೭-೨೦೨೫.

“ನಾ ಹುಟ್ಟಿದ ವರ್ಷರೀ ಅದು!” ಎಂದ ರಾಜೇಸಾಬ. “ಯಾರು ಬರದಿದ್ರೋ?”

“ಯಾರಿಗ್ ಗೊತ್ತ್ರಿ,” ಎಂದಳು ದುರ್ಗವ್ವ. “ಆ ವರ್ಷ ಈ ಮನ್ಯಾಗ ಯಾರಿಗೂ ಜ್ವರ ಬಂದಿರಾಕಿಲ್ಲ. ಬಂದಿದ್ರ ಬೈಯಾಕಾದ್ರೂ ಬರದಾಕಿ ಹೆಸರು ನೆನಪಿರ್ತಿತ್ತು.” ಅವಳು ಆ ಅಂಕಿಗಳ ಕೆಳಗೆ ಅಂದಿನ ತಾರೀಖು ಬರೆದು ಮುಂದಿನ ಮನೆಗೆ ನಡೆದಳು. ಆ ಮನೆಯ ಬಾಗಿಲು ತೆರೆದಿತ್ತು.

ಶಾಂಭವಿ ಹಳೆಯ ಅಂಕಿಗಳನ್ನೇ ನೋಡುತ್ತ ನಿಂತಳು. ಅವು ನಮ್ಮ ಕಾಲದವು, ಓದುಗರೇ. ಮೊನ್ನೆ ನಿಮ್ಮ ಬಾಗಿಲು ತಟ್ಟಿ, ತೊಟ್ಟಿಯಲ್ಲಿ ಇಣುಕಿ, ಗೋಡೆಯ ಮೇಲೆ ತಾರೀಖು ಬರೆದು ಹೋದವಳ ಹೆಸರನ್ನು ನೀವು ಕೇಳಿದಿರಾ?