ಏಪ್ರಿಲ್ ಕೊನೆಯ ವಾರ

"ಫೆಬ್ರವರಿನಾ? ಅಯ್ಯೋ, ಬೇಡವೇ ಬೇಡ! ನೊಣ, ಹಾವು, ಮೇಲೆ ಹೋದ್ರೆ ಸಂತೆ ಥರ ಜನ... ಬೆಟ್ಟ ಹತ್ತೋದಾದ್ರೆ ಏಪ್ರಿಲ್ ಕೊನೇ ವಾರ. ಬೇರೆ ಕಾಲ ಎಲ್ಲಾ ದಂಡ!"

ಟ್ಯಾಮ್ಸಿನ್ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತುಬಿಟ್ಟಿತು. ಎದುರಿಗೆ ಸಾಸೇಜುಗಳು ಚುರ್ರೆನ್ನುತ್ತಿದ್ದವು.

ಭೂಗೋಳದ ದಕ್ಷಿಣ ತುದಿಯ ಆ ದ್ವೀಪದಲ್ಲಿ ಜನವರಿ ಎಂದರೆ ನಡುಬೇಸಿಗೆ, ಏಪ್ರಿಲ್ ಎಂದರೆ ಚಳಿಗಾಲದ ಹೊಸ್ತಿಲು. ಗೆಳತಿ ಪ್ರೂ ಮನೆಯ ಹಿತ್ತಲಲ್ಲಿ ಜನವರಿಯ ಆ ಭಾನುವಾರ ಸೇರಿದ್ದವರೆಲ್ಲ ಹಳಬರೇ, ಹೀಗೆ ಮಾತಾಡಿದ ಈ ಒಬ್ಬನನ್ನು ಬಿಟ್ಟು. ಕ್ಯಾಲಮ್ ಅಂತೆ ಹೆಸರು. ಬೆಟ್ಟದ ಕಾಲುದಾರಿಗಳಿಗೆ ಹಲಗೆ ಹಾಸುವ ಕೆಲಸವಂತೆ, ಉತ್ತರದ ಕರಾವಳಿಯಿಂದ ವರ್ಗವಾಗಿ ಬಂದು ತಿಂಗಳೂ ಆಗಿಲ್ಲವಂತೆ. ಬಂದ ಮೊದಲ ದಿನವೇ ಫೆಬ್ರವರಿಯಲ್ಲಿ ಬೆಟ್ಟ ಹತ್ತುವ ಇವಳ ಯೋಜನೆಗೆ ಕಲ್ಲು ಹಾಕಿದ್ದ!

"ಏಪ್ರಿಲ್‌ನಲ್ಲಿ ಅಂಥದ್ದೇನಿದೆಯೋ?" ಎಂದಳು ಟ್ಯಾಮ್ಸಿನ್, ದನಿಯಲ್ಲಿ ಖಾರ ತುಂಬಿ.

"ಫೇಗಸ್!" ಅವನ ಕಣ್ಣು ಅರಳಿತು. "ನಮ್ಮ ಕಾಡಲ್ಲಿ ಚಳಿಗಾಲಕ್ಕೆ ಎಲೆ ಉದುರಿಸೋದು ಅದೊಂದೇ ಗಿಡ. ಉದುರೋ ಮುಂಚೆ ಇಡೀ ಗುಡ್ಡ ಹಳದಿ, ಕಿತ್ತಳೆ, ಆಮೇಲೆ ಕೆಂಪು... ಎರಡು ವಾರ, ಅಷ್ಟೇ. ಒಂದು ಬಿರುಗಾಳಿ ಬಂತೋ, ಮುಗೀತು."

"ಏಪ್ರಿಲ್‌ನಲ್ಲಿ ಬರೋಕಾಗದೇ ಇರೋರು ಏನು ಮಾಡ್ಬೇಕು?"

"ಬರೋಕಾಗದೇ ಇರೋರು ಮನೇಲಿರಲಿ!" ಎಂದು ಅವನು ನಕ್ಕ.

ಎಲ್ಲರೂ ನಕ್ಕರು. ಟ್ಯಾಮ್ಸಿನ್ ಮಾತ್ರ ನಗಲಿಲ್ಲ.

ಆಡಿದ ಮಾತು ಒಡೆದ ಮುತ್ತು, ಎರಡೂ ಕೂಡುವುದಿಲ್ಲ. ಸೇಬಿನ ತೋಟದ ಮನೆಯಲ್ಲಿ ಹುಟ್ಟಿದವಳಿಗೆ ಏಪ್ರಿಲ್ ಎಂದರೆ ಕೊಯ್ಲು, ನೆಲದ ಮೇಲೆ ಕಾಲು ನಿಲ್ಲದ ತಿಂಗಳು. ಮೂವತ್ತು ವರ್ಷ ಇದೇ ದ್ವೀಪದಲ್ಲಿದ್ದೂ ಆ ಬಣ್ಣವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಕೈಯೆತ್ತಿ ಮತ ಹಾಕಿದರು; ಅಷ್ಟರಲ್ಲಿ ನಿನ್ನ ಕೊಯ್ಲು ಮುಗಿದಿರುತ್ತೆ ಬಿಡೇ ಎಂದು ಪ್ರೂ ಅವಳ ಕಿವಿಯಲ್ಲಿ ಉಸುರಿದಳು. ಏಪ್ರಿಲ್ ಗೆದ್ದಿತು.

'ನಾನು ಯಾರು ಅಂತ ಪ್ರೂ ಹೇಳಿಯೇ ಇರ್ತಾಳೆ. ಗೊತ್ತಿದ್ದೂ ಹೀಗೆ ಮಾಡಿದ್ನಲ್ಲ... ನಾನು ಬರೋದೇ ಬೇಡ್ವಾ ಇವ್ನಿಗೆ?' ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಅದೇ ಕೊರೆತ. ಒಂದೇ ಒಂದು ಸಲ ನೋಡಿದವನ ಮೇಲೆ ಇಷ್ಟು ಸಿಟ್ಟು ಯಾಕೆಂದು ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ ಬಿಡಿ!

* * *

ಮಾರ್ಚ್ ಮಧ್ಯದ ಒಂದು ಶನಿವಾರ. ಇಬ್ಬನಿ ಆರಿ ಕೊಯ್ಲುಗಾರರು ಸಾಲಿಗೆ ಇಳಿಯುತ್ತಿದ್ದರು. ಎದೆಗೆ ಕೊಯ್ಲು ಚೀಲ ಕಟ್ಟಿಕೊಂಡು, ಅದರ ಪಟ್ಟಿಯನ್ನು ತಲೆಕೆಳಗಾಗಿ ಹಾಕಿಕೊಂಡು ಒಬ್ಬ ಒದ್ದಾಡುತ್ತಿದ್ದ.

"ನೀವಾ!" ಟ್ಯಾಮ್ಸಿನ್ ಹೌಹಾರಿದಳು. "ನಿಮ್ಮನ್ನ ಯಾರು ಕರೆದಿದ್ದು ಇಲ್ಲಿಗೆ?"

"ನಿಮ್ಮಪ್ಪ. ಆಳು ಬೇಕು ಅಂತ ಅಂಗಡೀಲಿ ಚೀಟಿ ಅಂಟಿಸಿದ್ರಲ್ಲ."

ಅಪ್ಪ ಮರ್ವಿನ್ ಟ್ರ್ಯಾಕ್ಟರ್ ಮೇಲಿಂದಲೇ ಕೂಗಿದ, "ಏ ಹುಡುಗಿ, ಸಿಕ್ಕ ಆಳನ್ನ ಓಡಿಸ್ಬೇಡ! ಕೈಕಾಲು ನೆಟ್ಟಗಿದ್ರೆ ಸಾಕು, ಬುದ್ಧಿ ಇಲ್ದಿದ್ರೂ ನಡೆಯುತ್ತೆ!"

ಮಧ್ಯಾಹ್ನದ ಹೊತ್ತಿಗೆ ಆ ಹರಕೆ ಫಲಿಸಿತು. ಕ್ಯಾಲಮ್ ತುಂಬಿಸಿದ ದೊಡ್ಡ ಮರದ ಪೆಟ್ಟಿಗೆಯಲ್ಲಿ ಟ್ಯಾಮ್ಸಿನ್ ಕೈಯಾಡಿಸಿದಳು. ಒಂದು, ಎರಡು, ಹತ್ತು... ಒಂದಕ್ಕೂ ತೊಟ್ಟಿಲ್ಲ!

"ಏನಿದು? ಸೇಬು ಕಿತ್ತಿದ್ದೀರೋ, ಹಲ್ಲು ಕಿತ್ತಿದ್ದೀರೋ?"

"ಯಾಕೆ... ಚೆನ್ನಾಗೇ ಇದೆಯಲ್ಲ?"

"ತೊಟ್ಟಿಲ್ಲದ ಹಣ್ಣು ಯಾವ ಅಂಗಡಿಗೂ ಹೋಗಲ್ಲ, ಎಲ್ಲಾ ಜ್ಯೂಸಿಗೆ! ಅದೂ ಸಾಲದು ಅಂತ ಮುಂದಿನ ವರ್ಷದ ಮೊಗ್ಗನ್ನೂ ಮುರಿದು ಹಾಕಿದ್ದೀರಿ. ನನ್ನ ಮೇಲಿನ ಸಿಟ್ಟನ್ನ ಮರದ ಮೇಲೆ ಯಾಕೆ ತೀರಿಸ್ತೀರಿ?"

"ಸಿಟ್ಟಾ? ನನಗಾ?" ಅವನು ನಿಜವಾಗಿಯೂ ಗಾಬರಿಯಾದ. ಕಿವಿಯವರೆಗೂ ಕೆಂಪೇರಿದ ಆ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿತು. ಥೂ, ಯಾಕಾದರೂ ಅನ್ನಿಸಿತೋ!

"ಇಲ್ಲಿ ನೋಡಿ." ಅವನ ಅಂಗೈಯನ್ನು ಒಂದು ಹಣ್ಣಿನ ಕೆಳಗೆ ತಂದಳು. "ಎಳೀಬಾರದು. ಹೀಗೆ ಹಿಡಿದು ಮೇಲಕ್ಕೆತ್ತಿ ಹೊರಳಿಸಿ. ಹಣ್ಣಾಗಿದ್ರೆ ತಾನೇ ಬರುತ್ತೆ. ಬರ್ಲಿಲ್ವಾ, ಬಿಟ್ಬಿಡಿ."

ಹಣ್ಣು ತೊಟ್ಟು ಸಮೇತ ಅವನ ಕೈಗೆ ಬಂತು. ಅವಳ ಕೈ ಮಾತ್ರ ಅಲ್ಲಿಂದ ಬರಲು ಸ್ವಲ್ಪ ಹೊತ್ತು ಹಿಡಿಯಿತು...

ಆಮೇಲೆ ಪ್ರತಿ ಶನಿವಾರ, ಪ್ರತಿ ಭಾನುವಾರ ಅವನು ಬಂದ. ವಾರವಿಡೀ ಬೆಟ್ಟದಲ್ಲಿ ಹಲಗೆ ಹೊತ್ತವನಿಗೆ ರಜೆಯಲ್ಲಿ ಇದೆಂಥ ಹುಚ್ಚು?

"ಯಾಕೆ ಬರ್ತೀರಿ ನೀವು?" ಒಮ್ಮೆ ಕೇಳಿಯೇ ಬಿಟ್ಟಳು.

"ಕೊಯ್ಲು ಬೇಗ ಮುಗೀಲಿ ಅಂತ."

"ಮುಗಿದ್ರೆ ನಿಮಗೇನು ಲಾಭ?"

ಅವನು ಏಣಿ ಹತ್ತಿ ಎಲೆಗಳ ನಡುವೆ ತಲೆ ಮರೆಸಿಕೊಂಡ.

* * *

ಏಪ್ರಿಲ್ ಇಪ್ಪತ್ತರಿಂದ ಮೂರು ದಿನ ಬಿಡದೆ ಮಳೆ. ಒದ್ದೆ ಹಣ್ಣು ಕೀಳುವಂತಿಲ್ಲ. ಕೊನೆಯ ಐದು ಸಾಲು ಫ್ಯೂಜಿ ಸೇಬು ಮರದಲ್ಲೇ ಉಳಿಯಿತು. ಕರಾರಿನ ಆಳುಗಳು ಬೇರೆ ತೋಟಕ್ಕೆ ಹೊರಟುಹೋದರು.

"ನಾಡಿದ್ದು ಶುಕ್ರವಾರ ಬೆಳಗ್ಗೆ ಹೊರಡೋದು," ಪ್ರೂ ಫೋನಿನಲ್ಲಿ ಮೆಲ್ಲಗೆ ಅಂದಳು. "ನೀನು..."

"ಹೋಗಿ ಬನ್ನಿ ಪ್ರೂ. ಫೋಟೋ ತೆಗಿ, ಆಯ್ತಾ?" ಎಂದು ಟ್ಯಾಮ್ಸಿನ್ ಫೋನ್ ಇಟ್ಟಳು.

ಆ ಸಂಜೆ ಮಳೆ ನಿಂತಿದೆಯೇ ನೋಡಲು ಬಂದ ಕ್ಯಾಲಮ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಪಾಪ, ಅವನು ಬಂದ ಗಳಿಗೆಯೇ ಕೆಟ್ಟದ್ದು!

"ಸಂತೋಷ ಆಯ್ತಾ ಈಗ?" ಅವಳು ಸಿಡಿದಳು. "ಅವತ್ತೇ ಹೇಳಿದ್ರಲ್ಲ, ಬರೋಕಾಗದೇ ಇರೋರು ಮನೇಲಿರಲಿ ಅಂತ. ಇದ್ದೀನಿ ನೋಡಿ ಮನೇಲೇ! ಸೇಬಿನ ತೋಟದವಳಿಗೆ ಏಪ್ರಿಲ್ ಅಂದ್ರೆ ಏನು ಅಂತ ಗೊತ್ತಿದ್ದೂ..."

"ಗೊತ್ತಿರ್ಲಿಲ್ಲ! ಟ್ಯಾಮ್ಸಿನ್, ಆಣೆ ಮಾಡಿ ಹೇಳ್ತೀನಿ, ನೀವು ತೋಟದವರು ಅಂತ ಅವತ್ತು..."

"ಹೋಗಿ. ಬೆಟ್ಟಕ್ಕೇ ಹೋಗಿ!"

ಅವನು ತಲೆ ತಗ್ಗಿಸಿ ಹೊರಟುಹೋದ.

ಶುಕ್ರವಾರ ಬಿಸಿಲು ಬಂತು. ಯುದ್ಧದಲ್ಲಿ ಮಡಿದವರನ್ನು ನೆನೆಯುವ ರಜೆಯ ದಿನ ಅದು; ಅಪ್ಪ ಅದಕ್ಕೆಂದು ನಸುಕಿನಲ್ಲೇ ಊರಿಗೆ ಹೋಗಿ ಬಂದು, ಕೋಟಿನ ಪದಕ ಬಿಚ್ಚಿಟ್ಟು ಏಣಿ ಎತ್ತಿಕೊಂಡ. ಅಪ್ಪ, ಮಗಳು, ಐದು ಸಾಲು. 'ಈಗ ಅವರೆಲ್ಲ ಹತ್ತುತ್ತಿರ್ತಾರೆ. ಅವನೂ...' ಟ್ಯಾಮ್ಸಿನ್ ಕಣ್ಣೊರೆಸಿಕೊಂಡಳು.

ಹತ್ತು ಗಂಟೆಗೆ ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿಸಿತು.

ಬೆಟ್ಟದ ಬೂಟು ಹಾಕಿಕೊಂಡೇ ಪ್ರೂ ಇಳಿದಳು. ಹಿಂದೆಯೇ ಅವಳ ಗಂಡ ನೆವ್, ಅವನ ಹಿಂದೆ ಕ್ಯಾಲಮ್!

"ಏನೇ ಇದು? ಬೆಟ್ಟ?"

"ನಿನ್ನೆಯಿಂದ ನಮ್ಮ ತಲೆ ತಿಂದಿದ್ದಾನೆ ಮಹಾರಾಯ!" ಪ್ರೂ ಸೊಂಟಕ್ಕೆ ಕೈಯಿಟ್ಟಳು. "ಟ್ಯಾಮ್ಸಿನ್ ಇಲ್ದೆ ಹತ್ತೋದಾದ್ರೆ ನೀವೇ ಹತ್ಕೊಳ್ಳಿ ಅಂದ. ಇವನನ್ನ ಬಿಟ್ಟು ಹೋದ್ರೆ ನಾವು ದಾರಿ ತಪ್ಪೋದು ಗ್ಯಾರಂಟಿ. ಅದ್ಸರಿ, ಕೊಯ್ಲು ಚೀಲ ಎಲ್ಲಿ?"

ಟ್ಯಾಮ್ಸಿನ್ ಅವನ ಕಡೆ ನೋಡಿದಳು. ಅವನು ಆಗಲೇ ಮೊದಲ ಮರದ ಬಳಿ ನಿಂತಿದ್ದ, ಪಟ್ಟಿ ಸರಿಯಾಗಿ ಹಾಕಿಕೊಂಡು.

* * *

ಐದು ಸಾಲು ಮುಗಿಯಲು ಭಾನುವಾರ ಸಂಜೆಯಾಯಿತು. ಸೋಮವಾರ ರಾತ್ರಿಯಿಡೀ ಬಿರುಗಾಳಿ ಬೀಸಿತು. ಮಂಗಳವಾರ ನಾಲ್ವರೂ ಬೆಟ್ಟ ಹತ್ತಿದರು.

ಮೇಲಿನ ಕೆರೆಗಳ ಅಂಚಿಗೆ ಬಂದು ಎಲ್ಲರೂ ಹಾಗೇ ನಿಂತರು. ಗುಡ್ಡದ ತುಂಬ ಬೋಳು ಕಡ್ಡಿಗಳು. ಬಣ್ಣವೆಲ್ಲ ಉದುರಿ, ಕೆಸರಿನಲ್ಲಿ, ತೆಳು ಹಿಮದಲ್ಲಿ ಅಂಟಿಕೊಂಡಿತ್ತು.

"ನಾವು ಮುಂದೆ ಚಾರಣಿಗರ ಗುಡಿಸಲಿಗೆ ಹೋಗಿ ಚಹಾ ಕಾಯಿಸ್ತೀವಿ," ಎಂದು ಪ್ರೂ ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು. ಗೆಳತಿಯೆಂದರೆ ಹೀಗಿರಬೇಕು ನೋಡಿ!

ಕ್ಯಾಲಮ್ ಒಂದು ಬೋಳು ಕೊಂಬೆಯನ್ನೇ ನೋಡುತ್ತ ನಿಂತಿದ್ದ. "ಹೋದ ವಾರ ಕೆಲಸಕ್ಕೆ ಬಂದಾಗ ಇಡೀ ಗುಡ್ಡ ಉರೀತಿತ್ತು ಟ್ಯಾಮ್ಸಿನ್... ಎಲ್ಲಾ ಹೋಯ್ತು."

"ಗೊತ್ತಿದ್ದೂ ಯಾಕೆ ಕಾದ್ರಿ?"

ಅವನು ಬಗ್ಗಿ ಕೆಸರಿನಿಂದ ಒಂದು ಎಲೆ ಹೆಕ್ಕಿಕೊಂಡ.

"ಅವತ್ತು ಹಿತ್ತಲಲ್ಲಿ ನಿಮ್ಮನ್ನ ನೋಡಿದೆ. ಏನಾದ್ರೂ ಮಾತಾಡ್ಬೇಕು ಅನ್ನಿಸ್ತು. ನನ್ನ ಹತ್ರ ಇರೋ ಒಳ್ಳೇದು ಇದೊಂದೇ. ಪ್ರತಿ ವರ್ಷ ಉತ್ತರದಿಂದ ಒಬ್ನೇ ಬಂದು ಇಲ್ಲಿ ನಿಂತು ನೋಡ್ತಿದ್ದೆ, ಈ ಸಲ ನಿಮಗೆ ತೋರಿಸ್ಬೇಕು ಅಂತ... ಅದಕ್ಕೇ ಏಪ್ರಿಲ್ ಅಂದೆ. ನೀವು ಎದುರು ಪ್ರಶ್ನೆ ಹಾಕಿದ್ರಿ, ಗಾಬರೀಲಿ ತಮಾಷೆ ಮಾಡೋಕೆ ಹೋಗಿ ಆ ದರಿದ್ರ ಮಾತು ಬಂತು. ಮಾರನೇ ದಿನ ಪ್ರೂ ಹೇಳಿದ್ಲು, ನೀವು ತೋಟದವರು ಅಂತ. ನನ್ನ ಕಪಾಳಕ್ಕೆ ನಾನೇ ಹೊಡ್ಕೊಂಡೆ."

ಟ್ಯಾಮ್ಸಿನ್ ಕಣ್ಣು ತುಂಬಿ ಬಂತು. ಮೂರು ತಿಂಗಳು ತನ್ನನ್ನು ಬೇಡವೆಂದವನು ಎಂದುಕೊಂಡಿದ್ದಳು. ಅವನೋ, ವರ್ಷವಿಡೀ ಕಾದಿದ್ದ ಎರಡು ವಾರಗಳನ್ನು ಅವಳ ತೋಟದಲ್ಲಿ ಸುರಿದುಬಿಟ್ಟಿದ್ದ!

"ನಿಮಗೆ ಕೊಡೋಣ ಅಂದ್ಕೊಂಡಿದ್ದು ಒಂದೂ ಉಳೀಲಿಲ್ಲ," ಎಂದ ಅವನು.

"ಕ್ಯಾಲಮ್, ಈ ಕಡೆ ನೋಡು."

ಅವಳು ಮೊದಲ ಸಲ ಏಕವಚನದಲ್ಲಿ ಕರೆದಿದ್ದಳು. ಅವನು ತಿರುಗಿದ.

"ನನಗೆ ನೀನಂದ್ರೆ ಇಷ್ಟ. ತುಂಬಾ ಇಷ್ಟ. ಎಲೆ ಇದ್ದಿದ್ರೆ ಎಲೆ ನೋಡ್ಕೊಂಡು ನಿಂತಿರ್ತಿದ್ದೆ, ಹೇಳೋಕೆ ಆಗ್ತಿರ್ಲಿಲ್ಲ."

ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಅವನ ಒರಟು ಬೆರಳುಗಳು ಅವಳ ಕೆನ್ನೆಯ ಮೇಲಿನ ಹಿಮದ ಹನಿಯನ್ನು ಒರೆಸಿದವು.

"ಹಲಗೆ ಮೇಲೆ ಮಂಜು ಕಟ್ಟಿದೆ, ಜಾರುತ್ತೆ," ಎಂದ ಅವನು, ಕೈ ಚಾಚಿ. "ಗುಡಿಸಲು ಇನ್ನೂ ಒಂದು ಗಂಟೆ ದಾರಿ."

"ಒಂದೇ ಗಂಟೆನಾ?" ಅವಳು ಅವನ ಕೈ ಹಿಡಿದಳು. "ಸುತ್ತು ದಾರಿ ಯಾವ್ದೂ ಇಲ್ವಾ?"

"ಇದೆ. ಮೂರು ಗಂಟೆ ಹಿಡಿಯುತ್ತೆ. ಪ್ರೂ ಬೈತಾಳೆ."

"ಬೈಲಿ ಬಿಡು."